ಯಾರ ಮೇಲೆ ಪರೀಕ್ಷಿಸಿದಿರಿ? ಎಂಜಿನಿಯರಿಂಗ್ ಅಧ್ಯಯನ ಮಂಡಳಿಗಳಿಗೆ ಒಂದು ಬಹಿರಂಗ ಪತ್ರ

ಅಧ್ಯಯನ ಮಂಡಳಿಗಳ ಅಧ್ಯಕ್ಷರು ಮತ್ತು ಸದಸ್ಯರಿಗೆ,

ಮಾನ್ಯರೇ,

ಪೂರ್ವಗ್ರಹವನ್ನು ಗುರುತಿಸುವುದನ್ನು, ತಮ್ಮಂತಿಲ್ಲದವರ ಜೊತೆ ಕೂಡಿ ಕೆಲಸ ಮಾಡುವುದನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಲಿಸಬೇಕು ಎಂಬ ಮಾತು ಈಗ ಪಠ್ಯಕ್ರಮ ಪರಿಷ್ಕರಣೆಯ ಸಭೆಗಳಲ್ಲಿ ತಪ್ಪದೆ ಬರುತ್ತದೆ. ಆ ಮಾತಿಗೆ ನನ್ನ ವಿರೋಧವಿಲ್ಲ. ಅದಕ್ಕೆ ನೀವು ಹುಡುಕಿಕೊಂಡಿರುವ ಪರಿಹಾರದ ಬಗ್ಗೆ ಮಾತ್ರ ನನ್ನ ತಕರಾರಿದೆ. ಪರಿಹಾರ ಸಾಮಾನ್ಯವಾಗಿ ಎರಡೇ ಬಗೆಯದು. ಒಂದೋ, ಮೊದಲ ವರ್ಷದಲ್ಲಿ ಪಾಸಾದರೆ ಸಾಕು, ಅಂಕ ಲೆಕ್ಕಕ್ಕಿಲ್ಲ ಎನ್ನುವಂಥ ಒಂದು ಕೋರ್ಸು. ಇಲ್ಲವೇ, ಸಭಾಂಗಣದಲ್ಲಿ ಒಂದು ದಿನದ ಕಾರ್ಯಾಗಾರ, ಅತಿಥಿಯ ಭಾಷಣ, ಎಲ್ಲರಿಗೂ ಪ್ರಮಾಣಪತ್ರ, ಕೊನೆಗೆ ಗುಂಪು ಛಾಯಾಚಿತ್ರ.

ನಾನು ಮಾಪನ ಮತ್ತು ಉಪಕರಣಶಾಸ್ತ್ರ ಕಲಿಸುವ ಅಧ್ಯಾಪಕಿ. ಈ ವಿಷಯವನ್ನು ನೀತಿಪಾಠದ ಅವಧಿಯಿಂದ ಎತ್ತಿ, ಅಳತೆ, ವಿನ್ಯಾಸ, ದತ್ತಾಂಶ ಮತ್ತು ಪ್ರಾಜೆಕ್ಟ್‌ಗಳ ಒಳಗೆ, ಅಂಕಗಳ ಸಮೇತ ಇಡಬೇಕು ಎಂಬುದು ನನ್ನ ಕೋರಿಕೆ. ವಿದ್ಯಾರ್ಥಿಗೆ ಇದು ತನ್ನ ಕಸುಬಿನ ಪ್ರಶ್ನೆ ಎಂದು ಅನಿಸಬೇಕು. ಸಭ್ಯತೆಯ ಪ್ರಶ್ನೆ ಎಂದಷ್ಟೇ ಅನಿಸಿದರೆ ಆತ ತಲೆಯಾಡಿಸಿ ಮರೆಯುತ್ತಾನೆ.

'ಇದೆಲ್ಲ ರಾಜಕೀಯ, ಎಂಜಿನಿಯರಿಂಗ್ ಅಲ್ಲ' ಎನ್ನುವ ವಿದ್ಯಾರ್ಥಿ ಪ್ರತಿ ತರಗತಿಯಲ್ಲೂ ಇರುತ್ತಾನೆ. ಅವನಿಗೆ ನಾನು ಮೊದಲು ಹೇಳುವುದು ಗಂಡಸರೇ ತುಂಬಿದ್ದ ಒಂದು ಉದಾಹರಣೆ. 1950ರಲ್ಲಿ ಅಮೆರಿಕದ ವಾಯುಪಡೆ ತನ್ನ 4,063 ಪೈಲಟ್‌ಗಳ ದೇಹದ ಅಳತೆಗಳನ್ನು ತೆಗೆಸಿತು. 'ಸರಾಸರಿ ಪೈಲಟ್'ಗೆ ಹೊಂದುವಂತೆ ಕಾಕ್‌ಪಿಟ್ ಕಟ್ಟುವುದು ಅಲ್ಲಿಯವರೆಗಿನ ಪದ್ಧತಿ. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ಸಂಶೋಧಕ ಕಾಕ್‌ಪಿಟ್‌ಗೆ ಮುಖ್ಯವೆನಿಸಿದ 10 ಅಳತೆಗಳನ್ನು ಆರಿಸಿಕೊಂಡು, ಪ್ರತಿಯೊಂದರಲ್ಲೂ ನಡುವಿನ ಶೇ 30ರ ಒಳಗೆ ಬರುವವರನ್ನು 'ಸರಾಸರಿ' ಎಂದು ಧಾರಾಳವಾಗಿಯೇ ಒಪ್ಪಿಕೊಂಡು ಎಣಿಸಿದ. ಹತ್ತರಲ್ಲೂ ಸರಾಸರಿ ಎನಿಸಿದವನು ಒಬ್ಬನೂ ಸಿಗಲಿಲ್ಲ. ಎಲ್ಲರಿಗಾಗಿ ಎಂದು ಕಟ್ಟಿದ ಕಾಕ್‌ಪಿಟ್ ಯಾರೊಬ್ಬರಿಗೂ ಸರಿಯಾಗಿ ಹೊಂದುತ್ತಿರಲಿಲ್ಲ. ವಾಯುಪಡೆ ಪೈಲಟ್‌ಗಳಿಗೆ ಉಪದೇಶ ಮಾಡಲು ಹೋಗಲಿಲ್ಲ. ಹಿಂದೆಮುಂದೆ ಸರಿಸಬಹುದಾದ ಆಸನ, ಪೆಡಲ್, ಬಿಗಿ ಸಡಿಲಿಸಬಹುದಾದ ಪಟ್ಟಿ ಬೇಕೆಂದು ತಯಾರಕರಿಗೆ ತಾಕೀತು ಮಾಡಿತು. ವೈವಿಧ್ಯವನ್ನು ವಿನ್ಯಾಸದ ಷರತ್ತಾಗಿ ಒಪ್ಪಿಕೊಳ್ಳುವುದೆಂದರೆ ಇದು. ಇಷ್ಟು ಹೇಳುವ ಹೊತ್ತಿಗೆ ರಾಜಕೀಯದ ಆಕ್ಷೇಪ ಅರ್ಧ ಇಳಿದಿರುತ್ತದೆ.

ಉಳಿದರ್ಧ ಇಳಿಯುವುದು ರಕ್ತದಲ್ಲಿನ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಬಿಚ್ಚಿ ಮೇಜಿನ ಮೇಲಿಟ್ಟಾಗ. ಈ ಉಪಕರಣದ ಮೇಲೆ ನನಗೆ ತುಸು ಹೆಚ್ಚೇ ಅಭಿಮಾನ. ಇಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಇಷ್ಟು ಜಾಣತನ ಅಪರೂಪ. ಬೆರಳಿನ ಮೂಲಕ ಎರಡು ಬಗೆಯ ಬೆಳಕು ಹಾಯುತ್ತದೆ: ಸುಮಾರು 660 ನ್ಯಾನೊಮೀಟರ್ ತರಂಗಾಂತರದ ಕೆಂಪು ಮತ್ತು ಸುಮಾರು 940 ನ್ಯಾನೊಮೀಟರಿನ ಅವಕೆಂಪು (ಇನ್‌ಫ್ರಾರೆಡ್). ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅವಕೆಂಪನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಬಿಟ್ಟುಕೊಟ್ಟದ್ದು ಕೆಂಪನ್ನು. ನಾಡಿಯ ಜೊತೆ ಏರಿಳಿಯುವ ಭಾಗವನ್ನಷ್ಟೇ ಬೇರ್ಪಡಿಸಿ ಎರಡರ ಅನುಪಾತ ತೆಗೆದರೆ, ಏರಿಳಿಯದೆ ಸ್ಥಿರವಾಗಿರುವ ಚರ್ಮ, ಮಾಂಸ, ಮೂಳೆಗಳ ಪಾಲು ತಾನಾಗಿ ಕಳೆದುಹೋಗಬೇಕು. ಚರ್ಮದ ಬಣ್ಣಕ್ಕೂ ಫಲಿತಾಂಶಕ್ಕೂ ಸಂಬಂಧವಿಲ್ಲ ಎಂದು ಕಾಗದದ ಮೇಲೆ ತೋರುವುದು ಇದರಿಂದಲೇ. ಆದರೆ ಆ ಅನುಪಾತದಿಂದ ಆಮ್ಲಜನಕದ ಶೇಕಡಾವಾರು ಪ್ರಮಾಣಕ್ಕೆ ಹೋಗುವ ದಾರಿ ಸೂತ್ರದಿಂದ ಬಂದದ್ದಲ್ಲ. ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆಯಿರುವ ಗಾಳಿ ಉಸಿರಾಡಿಸಿ, ಅಪಧಮನಿಯ ರಕ್ತ ತೆಗೆದು ಅಳೆದು, ಅದಕ್ಕೆ ಎದುರಾಗಿ ಉಪಕರಣದ ಅನುಪಾತವನ್ನು ಬರೆದುಕೊಂಡು ಕಟ್ಟಿದ ಕ್ಯಾಲಿಬ್ರೇಷನ್ ರೇಖೆ ಅದು. ಅಂದರೆ ಉಪಕರಣದ ಹೊಟ್ಟೆಯೊಳಗೆ ಕೆಲವು ಮನುಷ್ಯರ ಬೆರಳುಗಳಿವೆ. ಯಾರ ಬೆರಳುಗಳು?

ಈ ಪ್ರಶ್ನೆ ಕೇಳಿದಾಗ ತರಗತಿ ಸುಮ್ಮನಾಗುತ್ತದೆ, ಏಕೆಂದರೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2013ರಲ್ಲಿ ಹೊರಡಿಸಿದ ಮಾರ್ಗಸೂಚಿ ಕನಿಷ್ಠ 10 ಜನರ ಮೇಲೆ ಪರೀಕ್ಷೆ ಸಾಕು ಎಂದಿತ್ತು. ಅವರಲ್ಲಿ ಕನಿಷ್ಠ 2 ಮಂದಿ, ಅಥವಾ ಒಟ್ಟು ಸಂಖ್ಯೆಯ ಶೇ 15, ಗಾಢ ಬಣ್ಣದ ಚರ್ಮದವರಾಗಿರಬೇಕಿತ್ತು. ಕಪ್ಪುವರ್ಣೀಯ ರೋಗಿಗಳಲ್ಲಿ ಆಕ್ಸಿಮೀಟರ್ ದಾರಿ ತಪ್ಪಿಸುತ್ತದೆ ಎಂದು 1990ರಲ್ಲೇ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾಗಿತ್ತು. ಮೂವತ್ತು ವರ್ಷ ಕಳೆದು, ಕೋವಿಡ್ ನಡುವೆ, 2020ರ ಡಿಸೆಂಬರಿನಲ್ಲಿ ಅಮೆರಿಕದ ಆಸ್ಪತ್ರೆಗಳ ದಾಖಲೆಗಳನ್ನು ಹೋಲಿಸಿದ ಅಧ್ಯಯನ ಪ್ರಕಟವಾಯಿತು. ಉಪಕರಣ ಶೇ 92ರಿಂದ 96 ಎಂದು ತೋರಿಸಿದ್ದಾಗ, ರಕ್ತಪರೀಕ್ಷೆಯಲ್ಲಿ ನಿಜವಾದ ಪ್ರಮಾಣ ಶೇ 88ಕ್ಕಿಂತ ಕೆಳಗಿದ್ದ ಸಂದರ್ಭಗಳು ಬಿಳಿಯರಲ್ಲಿ ಶೇ 3.6, ಕಪ್ಪುವರ್ಣೀಯರಲ್ಲಿ ಶೇ 11.7. ಉಸಿರು ಸಾಲದೆ ಒದ್ದಾಡುತ್ತಿರುವ ಮನುಷ್ಯನ ಬೆರಳಿನ ಮೇಲೆ ಪರದೆ 'ಪರವಾಗಿಲ್ಲ' ಎಂದು ಹೇಳುತ್ತಿತ್ತು.

ಇಲ್ಲಿ ಯಾವ ಎಂಜಿನಿಯರೂ ದ್ವೇಷದಿಂದ ಸರ್ಕ್ಯೂಟ್ ಕಟ್ಟಿರಲಿಲ್ಲ ಎಂಬುದೇ ನನ್ನ ವಿದ್ಯಾರ್ಥಿಗಳಿಗೆ ಮುಖ್ಯವಾದ ಪಾಠ. ಮಾಪನಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಎರಡು ಬಗೆಯ ದೋಷಗಳನ್ನು ನಾವು ಹೇಳಿಕೊಡುತ್ತೇವೆ. ಯಾದೃಚ್ಛಿಕ ದೋಷ ಹೆಚ್ಚು ಸಲ ಅಳೆದಷ್ಟೂ ಸರಾಸರಿಯಲ್ಲಿ ಕರಗುತ್ತದೆ. ವ್ಯವಸ್ಥಿತ ದೋಷ ಕರಗುವುದಿಲ್ಲ; ಸಾವಿರ ಸಲ ಅಳೆದರೂ ಅಷ್ಟೇ ತಪ್ಪು ಉತ್ತರ ಇನ್ನಷ್ಟು ಆತ್ಮವಿಶ್ವಾಸದಿಂದ ಬರುತ್ತದೆ. ಅದನ್ನು ಹಿಡಿಯಲು ಹೊರಗಿನದೊಂದು ಮಾನಕಕ್ಕೆ ಹೋಲಿಸಬೇಕು. ಮನುಷ್ಯರ ವಿಚಾರದಲ್ಲಿ ಹಾಗೆ ಹೋಲಿಸುವುದೆಂದರೆ ಗುಂಪು ಗುಂಪಾಗಿ ಬೇರ್ಪಡಿಸಿ ಫಲಿತಾಂಶ ನೋಡುವುದು. ನಾವು ಈಗಾಗಲೇ ಕಲಿಸುತ್ತಿರುವ ಅಧ್ಯಾಯಕ್ಕೆ ಒಂದು ಉದಾಹರಣೆ ಸೇರಿಸಿದರೆ ಸಾಕು. ಹೊಸ ಕೋರ್ಸು ಯಾಕೆ ಬೇಕು?

ಯಂತ್ರ ವಿನ್ಯಾಸ ಕಲಿಸುವವರ ಬಳಿಯೂ ಉದಾಹರಣೆಗೆ ಕೊರತೆಯಿಲ್ಲ. ಕಾರಿನ ಮುಖಾಮುಖಿ ಡಿಕ್ಕಿಯ ಪರೀಕ್ಷೆಯಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಹೈಬ್ರಿಡ್ 3 ಡಮ್ಮಿ, ಅಂದರೆ ಮನುಷ್ಯನ ಬದಲು ಕೂರಿಸುವ ಗೊಂಬೆ, 1970ರ ದಶಕದ ಮಧ್ಯಮ ಗಾತ್ರದ ಅಮೆರಿಕನ್ ಗಂಡಸಿನ ಪ್ರತಿರೂಪ. ಎತ್ತರ ಸುಮಾರು 175 ಸೆಂಟಿಮೀಟರ್. ಹೆಂಗಸಿನ ಡಮ್ಮಿ ಎಂದು ಬಹುಕಾಲ ಬಳಸಿದ್ದು ಅದನ್ನೇ ಕುಗ್ಗಿಸಿದ, ಸುಮಾರು 150 ಸೆಂಟಿಮೀಟರ್ ಎತ್ತರದ, 50 ಕಿಲೊ ಕೂಡ ತೂಗದ ಗೊಂಬೆಯನ್ನು. ಅಮೆರಿಕದ ಅಪಘಾತ ದಾಖಲೆಗಳ 2011ರ ಒಂದು ವಿಶ್ಲೇಷಣೆ, ಬೆಲ್ಟ್ ಕಟ್ಟಿಕೊಂಡ ಚಾಲಕಿಗೆ ಹೋಲಿಸಬಹುದಾದ ಅಪಘಾತದಲ್ಲಿ ತೀವ್ರ ಗಾಯವಾಗುವ ಸಂಭವ ಚಾಲಕನಿಗಿಂತ ಶೇ 47ರಷ್ಟು ಹೆಚ್ಚು ಎಂದಿತು. ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ಮತ್ತು ಸಂಗಡಿಗರು ಹಿಂಬದಿ ಡಿಕ್ಕಿಯ ಪರೀಕ್ಷೆಗಾಗಿ ಸರಾಸರಿ ಹೆಂಗಸಿನ ಅಳತೆಯ, 162 ಸೆಂಟಿಮೀಟರ್ ಎತ್ತರದ ಡಮ್ಮಿಯನ್ನು ಜಗತ್ತಿನ ಮುಂದಿಟ್ಟದ್ದು 2022ರಲ್ಲಿ. ನಡುವೆ ಎಷ್ಟು ತಲೆಮಾರಿನ ಕಾರುಗಳು ರಸ್ತೆಗಿಳಿದು ಗುಜರಿಗೂ ಸೇರಿದವು ಎಂಬ ಲೆಕ್ಕವನ್ನು ವಿದ್ಯಾರ್ಥಿಗಳೇ ಹಾಕಲಿ.

ಕಂಪ್ಯೂಟರ್ ವಿಭಾಗದವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ, ನಿಜ. 2018ರಲ್ಲಿ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಮಾರುಕಟ್ಟೆಯಲ್ಲಿದ್ದ ಮುಖ ವಿಶ್ಲೇಷಣೆಯ ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಲಿಂಗ ಗುರುತಿಸುವುದರಲ್ಲಿ ತಿಳಿಬಣ್ಣದ ಗಂಡಸರ ಮಟ್ಟಿಗೆ ತಪ್ಪು ಶೇ 0.8ನ್ನು ದಾಟಲಿಲ್ಲ; ಗಾಢಬಣ್ಣದ ಹೆಂಗಸರ ಮಟ್ಟಿಗೆ ಶೇ 34.7ರವರೆಗೂ ಹೋಯಿತು. ಈ ಅಂಕಿಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಹೇಳುತ್ತಾರೆ. ಆದರೆ ತಮ್ಮದೇ ಪ್ರಾಜೆಕ್ಟ್ ವರದಿಯಲ್ಲಿ 'ನಿಖರತೆ ಶೇ 96' ಎಂದು ಒಂದೇ ಸಾಲು ಬರೆದು ಕೆಳಗೆ ಗೆರೆ ಎಳೆಯುತ್ತಾರೆ. ಬಾಯಿಪಾಠದಿಂದ ಕಸುಬು ಬರುವುದಿಲ್ಲ. ಹಾಗಾಗಿ ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಇರಲಿ: 'ಸಾವಿರ ಜನರ ಮೇಲೆ ಪರೀಕ್ಷಿಸಿದ ಒಂದು ವ್ಯವಸ್ಥೆಯ ಒಟ್ಟು ನಿಖರತೆ ಶೇ 96.1. ಅವರಲ್ಲಿ 900 ಮಂದಿ ಒಂದು ಗುಂಪಿನವರು, ಆ ಗುಂಪಿನಲ್ಲಿ ತಪ್ಪು ಶೇ 1. ಉಳಿದ 100 ಮಂದಿಯಲ್ಲಿ ತಪ್ಪಿನ ಪ್ರಮಾಣ ಎಷ್ಟು?' ಲೆಕ್ಕ ಎರಡು ಸಾಲಿನದು. ಒಟ್ಟು ತಪ್ಪು 39, ಮೊದಲ ಗುಂಪಿನದು 9, ಉಳಿದದ್ದು 30. ನೂರಕ್ಕೆ ಮೂವತ್ತು! ಎರಡನೆಯ ಭಾಗ: 'ಗುಂಪೊಂದರಿಂದ ಇಬ್ಬರನ್ನಷ್ಟೇ ಪರೀಕ್ಷಿಸಿ ಇಬ್ಬರಲ್ಲೂ ಸರಿ ಫಲಿತಾಂಶ ಬಂದರೆ, ಶೇ 95ರ ವಿಶ್ವಾಸ ಮಟ್ಟದಲ್ಲಿ ಆ ಗುಂಪಿನ ವೈಫಲ್ಯ ದರದ ಮೇಲ್ಮಿತಿ ಎಷ್ಟು?' ಉತ್ತರ ಸುಮಾರು ಶೇ 78. ಅಂದರೆ ಆ ಗುಂಪಿನ ನೂರರಲ್ಲಿ 78 ಮಂದಿಯ ಮಟ್ಟಿಗೆ ತಪ್ಪುವ ವ್ಯವಸ್ಥೆಯೂ ಈ ಪರೀಕ್ಷೆಯಲ್ಲಿ ಪಾಸಾಗಿಬಿಡಬಹುದು. ಇಬ್ಬರಿಂದ ಏನೂ ಸಾಬೀತಾಗುವುದಿಲ್ಲ ಎಂಬುದನ್ನು ಯಾವ ಭಾಷಣಕಾರನೂ ಇದಕ್ಕಿಂತ ಚೆನ್ನಾಗಿ ಹೇಳಲಾರ.

ಕಷ್ಟದ ಪ್ರಶ್ನೆಗಳೂ ಇರಲಿ. ಕೆಲಸದ ಅರ್ಜಿಗಳನ್ನು ಜಾಲಾಡಲು ಅಮೆಜಾನ್ ಕಟ್ಟಿದ್ದ ಸಾಧನ, ಹಿಂದಿನ ಹತ್ತು ವರ್ಷಗಳ ಅರ್ಜಿಗಳಿಂದ ಕಲಿತು, 'ಮಹಿಳಾ ಚೆಸ್ ಕ್ಲಬ್ಬಿನ ನಾಯಕಿ' ಎಂಬಂಥ ಸಾಲು ಕಂಡರೆ ಅಂಕ ಕಳೆಯುತ್ತಿತ್ತು ಎಂದು 2018ರಲ್ಲಿ ರಾಯಿಟರ್ಸ್ ವರದಿ ಮಾಡಿತು. ಅಷ್ಟರಲ್ಲಿ ಕಂಪನಿ ಅದನ್ನು ಕೈಬಿಟ್ಟಿತ್ತು. 'ಲಿಂಗದ ಕಾಲಂ ತೆಗೆದುಬಿಟ್ಟರೆ ಆಯಿತಲ್ಲ' ಎನ್ನುತ್ತಾರೆ ವಿದ್ಯಾರ್ಥಿಗಳು. ಆ ಅರ್ಜಿಯಲ್ಲಿ ಕಾಲಂ ಹೇಳದ್ದನ್ನು ಚೆಸ್ ಕ್ಲಬ್ಬು ಹೇಳಿಬಿಟ್ಟಿತ್ತಲ್ಲ! ಇನ್ನೂ ಮುಂದೆ ಹೋದರೆ ಗಣಿತವೇ ಅಡ್ಡ ನಿಲ್ಲುತ್ತದೆ. ಮುನ್ಸೂಚಿಸಬೇಕಾದ ಸಂಗತಿಯ ಮೂಲ ಪ್ರಮಾಣವೇ ಎರಡು ಗುಂಪುಗಳಲ್ಲಿ ಬೇರೆಬೇರೆಯಾಗಿದ್ದರೆ, ಮುನ್ಸೂಚನೆಯ ಅಂಕಿಗೆ ಎರಡೂ ಕಡೆ ಒಂದೇ ಅರ್ಥವಿರಬೇಕು, ಎರಡೂ ಬಗೆಯ ತಪ್ಪುಗಳ (ಇರುವುದನ್ನು ಇಲ್ಲ ಎನ್ನುವುದು, ಇಲ್ಲದ್ದನ್ನು ಇದೆ ಎನ್ನುವುದು) ದರವೂ ಸಮನಾಗಿರಬೇಕು ಎಂದರೆ ಆಗುವುದಿಲ್ಲ. ಮುನ್ಸೂಚನೆ ಪರಿಪೂರ್ಣವಾಗಿದ್ದರೆ ಮಾತ್ರ ಬೇರೆ ಮಾತು. 2016ರಿಂದೀಚೆಗೆ ಇದಕ್ಕೆ ಗಣಿತದ ಪುರಾವೆಗಳೇ ಪ್ರಕಟವಾಗಿವೆ. ಹಾಗಾದರೆ ಯಾವ ಸಮಾನತೆಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು, ಅದನ್ನು ನಿರ್ಧರಿಸುವವರು ಯಾರು? ಇಷ್ಟು ಗಟ್ಟಿ ವಿಷಯವನ್ನು ಅಂಕವಿಲ್ಲದ ಕೋರ್ಸಿಗೆ ತಳ್ಳುವುದು ವಿದ್ಯಾರ್ಥಿಗಳ ಬುದ್ಧಿಗೆ ಮಾಡುವ ಅವಮಾನ.

ಕಾರ್ಯಾಗಾರಗಳ ಬಗ್ಗೆ ನನ್ನ ಅಸಹನೆ ಬರೀ ಸ್ವಭಾವದ್ದಲ್ಲ. ಒಳಮನಸ್ಸಿನ ಜನಾಂಗೀಯ ಒಲವುಗಳನ್ನು ಬದಲಿಸಲು ಬಳಸುವ ಒಂಬತ್ತು ಬಗೆಯ ಕಿರು ತರಬೇತಿಗಳನ್ನು ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಒಂಬತ್ತೂ ತಕ್ಷಣಕ್ಕೆ ಕೆಲಸ ಮಾಡಿದವು. ಕೆಲವು ಗಂಟೆಗಳಿಂದ ಕೆಲವು ದಿನಗಳ ನಂತರ ಮತ್ತೆ ಅಳೆದಾಗ ಒಂದರ ಪರಿಣಾಮವೂ ಉಳಿದಿರಲಿಲ್ಲ. ಸಂಜೆಯ ಗುಂಪು ಛಾಯಾಚಿತ್ರದಲ್ಲಿ ನಗುತ್ತಿರುವವರ ಮನಸ್ಸು ವಾರಾಂತ್ಯದೊಳಗೆ ಮೊದಲಿದ್ದಲ್ಲಿಗೇ ಮರಳಿರಬಹುದು. ಮನಸ್ಸನ್ನು ತಿದ್ದುವ ಹೊಣೆಯನ್ನು ಪಠ್ಯಕ್ರಮ ಹೊರದಿದ್ದರೂ ನಡೆಯುತ್ತದೆ. ಕೈಯ ಅಭ್ಯಾಸವನ್ನು ಅದು ತಿದ್ದಬಲ್ಲದು.

ಕೈಯ ಅಭ್ಯಾಸ ಎಂದೆ. ಅದನ್ನು ನೋಡಬೇಕಾದರೆ ನೀವು ಒಂದು ಮಧ್ಯಾಹ್ನ ಪ್ರಾಜೆಕ್ಟ್ ಲ್ಯಾಬಿಗೆ ಬರಬೇಕು. ನಾಲ್ವರ ತಂಡ, ಮೂವರು ಹುಡುಗರು, ಒಬ್ಬಳು ಹುಡುಗಿ. ಸೋಲ್ಡರಿಂಗ್ ಐರನ್ ಒಬ್ಬನ ಕೈಯಲ್ಲಿ, ಮಲ್ಟಿಮೀಟರಿನ ಪ್ರೋಬ್‌ಗಳು ಇನ್ನೊಬ್ಬನ ಕೈಯಲ್ಲಿ, ಮೂರನೆಯವನ ಮುಂದೆ ಕೋಡ್ ತೆರೆದ ಲ್ಯಾಪ್‌ಟಾಪ್. ಹುಡುಗಿಯ ಕೈಯಲ್ಲಿ ಅಳತೆ ಬರೆದುಕೊಳ್ಳುವ ಪುಸ್ತಕ. ಯಾರೂ ಅವಳಿಗೆ 'ನೀನು ಬರೆ' ಎಂದು ಹೇಳಿಲ್ಲ. ಅಕ್ಷರ ಚೆನ್ನಾಗಿದೆ ಎಂದು ಮೊದಲ ವಾರ ಒಬ್ಬ ಹೊಗಳಿದ್ದ, ಅಷ್ಟೇ. ವೈವಾದಲ್ಲಿ ಅವಳು ಪೀಠಿಕೆ ಓದುತ್ತಾಳೆ. ಸರ್ಕ್ಯೂಟಿನ ಪ್ರಶ್ನೆ ಬಂದಾಗ ಪರೀಕ್ಷಕರ ಕಣ್ಣು ತಾನಾಗಿ ಹುಡುಗರ ಕಡೆ ಹೊರಳುತ್ತದೆ. ಇದೇ ಲ್ಯಾಬಿನ ಮೂಲೆಯಲ್ಲಿ, ಬೋಧನೆಯ ಭಾಷೆ ಇನ್ನೂ ನಾಲಿಗೆಗೆ ಒಗ್ಗದ ಹುಡುಗನೊಬ್ಬ ದೋಷವನ್ನು ಎಲ್ಲರಿಗಿಂತ ಮೊದಲು ಕಂಡುಹಿಡಿದಿರುತ್ತಾನೆ. ಅದನ್ನು ಹೇಳಲು ವಾಕ್ಯ ಜೋಡಿಸುವಷ್ಟರಲ್ಲಿ ಮಾತು ಬಲ್ಲವನು ಬಾಯಿ ಹಾಕುತ್ತಾನೆ, ಅಂಕ ಅವನಿಗೆ ಹೋಗುತ್ತದೆ. ನಾಲ್ಕು ವರ್ಷ ಹೀಗೆ ಕಳೆದವರು ನಾಳೆ ಕಂಪನಿಗಳಲ್ಲಿ ವಿನ್ಯಾಸದ ಸಭೆಗಳಿಗೆ ಕೂರುತ್ತಾರೆ.

ಇದಕ್ಕೆ ಮದ್ದು ಸರಳ. ಕೆಲಸಗಳನ್ನು ವಾರ ವಾರ ಬದಲಿಸುವುದು, ಯಾರು ಯಾವ ವಾರ ಏನು ಮಾಡಿದರು ಎಂಬುದನ್ನು ಲಾಗ್ ಪುಸ್ತಕದಲ್ಲಿ ಬರೆಸುವುದು, ವೈವಾದಲ್ಲಿ ಯಾರಿಗೆ ಯಾವ ಭಾಗದ ಪ್ರಶ್ನೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು. ತಂಡ ಕಟ್ಟುವಾಗ 'ಪ್ರತಿ ತಂಡಕ್ಕೂ ಒಬ್ಬಳು' ಎಂದು ಹಂಚುವುದು ನ್ಯಾಯವೆಂದು ತೋರುತ್ತದೆ, ಆದರೆ ಅದೇ ಹೆಚ್ಚು ಹಾನಿ ಮಾಡುವ ಹಂಚಿಕೆ. ಎಂಜಿನಿಯರಿಂಗ್ ವಿದ್ಯಾರ್ಥಿನಿಯರನ್ನು ನಾಲ್ವರ ಗುಂಪುಗಳಲ್ಲಿಟ್ಟು ನೋಡಿದ 2015ರ ಪ್ರಯೋಗವೊಂದರಲ್ಲಿ, ಹೆಂಗಸರೇ ಹೆಚ್ಚಿದ್ದ ಗುಂಪಿನಲ್ಲಿ ಅವರು ಹೆಚ್ಚು ಮಾತನಾಡಿದರು. ಒಬ್ಬಳೇ ಇದ್ದ ಗುಂಪಿನಲ್ಲಿ ಮಾತು ಕಡಿಮೆಯಾಯಿತು. ಕೆಲವು ತಂಡಗಳಲ್ಲಿ ಹುಡುಗಿಯರೇ ಇಲ್ಲದಿದ್ದರೂ ಚಿಂತೆಯಿಲ್ಲ, ಒಬ್ಬಳನ್ನೇ ಬಿಡಬೇಡಿ. ಭಾಷೆ, ಜಾತಿ, ಬಣ್ಣ, ಅಂಗವೈಕಲ್ಯ ಯಾವುದೇ ಕಾರಣಕ್ಕೆ ಒಬ್ಬಂಟಿಯಾಗುವ ವಿದ್ಯಾರ್ಥಿಗಳ ವಿಷಯದಲ್ಲೂ ಇದೇ ಎಚ್ಚರ ಇರಲಿ. ಜೊತೆಗೆ ಇನ್ನೊಂದು ಮಾತು: ವೈವಿಧ್ಯದ ಚರ್ಚೆ ಬಂದಾಗಲೆಲ್ಲ ಆ ಒಬ್ಬ ವಿದ್ಯಾರ್ಥಿಯನ್ನೇ ಎಬ್ಬಿಸಿ 'ನಿಮ್ಮವರ ಅನುಭವ ಹೇಳಿ' ಎನ್ನುವ ಚಟವನ್ನು ನಾವು ಅಧ್ಯಾಪಕರು ಬಿಡಬೇಕು. ಆತ ಎಂಜಿನಿಯರಿಂಗ್ ಕಲಿಯಲು ಬಂದವನು, ಪ್ರದರ್ಶನಕ್ಕೆ ಬಂದವನಲ್ಲ.

ಅಧ್ಯಾಪಕರ ಮಾತು ಬಂತು. 2012ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ 127 ಮಂದಿ ವಿಜ್ಞಾನ ಅಧ್ಯಾಪಕರಿಗೆ ಪ್ರಯೋಗಾಲಯದ ಹುದ್ದೆಯೊಂದರ ಅರ್ಜಿ ಕಳಿಸಲಾಯಿತು. ಅರ್ಜಿ ಒಂದೇ, ಅರ್ಧ ಜನರಿಗೆ ಹೋದದ್ದರಲ್ಲಿ ಹೆಸರು ಜಾನ್, ಉಳಿದವರದರಲ್ಲಿ ಜೆನಿಫರ್. ಜಾನ್ ಹೆಚ್ಚು ಸಮರ್ಥನಾಗಿ ಕಂಡ, ಅವನಿಗೆ ಸೂಚಿಸಿದ ಸಂಬಳವೂ ಹೆಚ್ಚಿತ್ತು. ಹಾಗೆ ಅಂದಾಜು ಮಾಡುವುದರಲ್ಲಿ ಅಧ್ಯಾಪಕಿಯರೂ ಅಧ್ಯಾಪಕರಿಗಿಂತ ಹಿಂದಿರಲಿಲ್ಲ. ಆದ್ದರಿಂದ 'ನಾನೇ ಹೆಂಗಸು, ನನ್ನಲ್ಲಿ ಅದಿಲ್ಲ' ಎಂದು ಹೇಳಿಕೊಳ್ಳುವ ಸೌಕರ್ಯ ನನಗೂ ಇಲ್ಲ. ಲಿಖಿತ ಪರೀಕ್ಷೆಯಲ್ಲಿ ಹೆಸರು ಮುಚ್ಚುವ ನಾವು, ಆಂತರಿಕ ಅಂಕ ಮತ್ತು ವೈವಾಗಳನ್ನು ಮುಖ ನೋಡಿಯೇ ಕೊಡುತ್ತೇವೆ. ಯಾವುದಕ್ಕೆ ಎಷ್ಟು ಅಂಕ ಎಂಬ ಮಾನದಂಡವನ್ನು ಮೊದಲೇ ಬರೆದಿಟ್ಟು, ಅದರ ಪ್ರಕಾರ ಕೊಡುವುದು ಇಲ್ಲಿ ಕನಿಷ್ಠ ಶಿಸ್ತು.

'ಗುಣಮಟ್ಟ ಕುಸಿಯುತ್ತದೆ' ಎಂದು ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರಿಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ಪದವಿಯ ಉದಾಹರಣೆ ಕೊಡಿ. 1995ರಲ್ಲಿ ಅಲ್ಲಿಗೆ ಸೇರಿದವರಲ್ಲಿ ಹೆಂಗಸರು ಶೇ 7. 2000ದಲ್ಲಿ ಶೇ 42. ಪ್ರವೇಶದಲ್ಲಿ ಪೂರ್ವಾನುಭವಕ್ಕೆ, ಅಂದರೆ ಚಿಕ್ಕಂದಿನಿಂದ ಪ್ರೋಗ್ರಾಂ ಬರೆದವರಿಗೆ, ಸಿಗುತ್ತಿದ್ದ ಮೇಲುಗೈಯನ್ನು ತೆಗೆದರು. ಆರಂಭದ ಕೋರ್ಸಿಗೆ ಅನುಭವದ ಮಟ್ಟಕ್ಕೆ ತಕ್ಕ ಬೇರೆಬೇರೆ ಬಾಗಿಲುಗಳನ್ನಿಟ್ಟರು. ಪದವಿಯ ಕೊನೆಯ ಹೊತ್ತಿನ ಯಶಸ್ಸಿಗೆ ಆ ಪೂರ್ವಾನುಭವ ಅಗತ್ಯವೇನಲ್ಲ ಎಂದು ಅವರದೇ ಅಧ್ಯಯನ ತೋರಿಸಿತ್ತು. ಅದುವರೆಗೆ ಪ್ರತಿಭೆ ಎಂದು ಅಳೆಯುತ್ತಿದ್ದದ್ದರಲ್ಲಿ ಒಂದು ಪಾಲು, ಮನೆಯಲ್ಲಿ ಕಂಪ್ಯೂಟರ್ ಯಾರ ಕೋಣೆಯಲ್ಲಿತ್ತು ಎಂಬುದು.

ವೈವಿಧ್ಯವಿದ್ದರೆ ಕಂಪನಿಗೆ ಲಾಭ ಹೆಚ್ಚು ಎಂಬ ವಾದವನ್ನು ಮಾತ್ರ ದಯವಿಟ್ಟು ಪಠ್ಯಕ್ರಮದ ಪೀಠಿಕೆಯಲ್ಲಿ ಬರೆಯಬೇಡಿ. ನನಗೆ ಆ ವಾದ ಹಿಡಿಸುವುದಿಲ್ಲ. ಒಂದು ವರ್ಷ ಲಾಭ ಇಳಿದರೆ ಯಾರನ್ನು ಹೊರಗೆ ಕಳಿಸುವುದು? ಕಲಿಯುವ ಹಕ್ಕಿಗೆ, ತನ್ನ ದೇಹಕ್ಕೆ ಹೊಂದುವ ಸೀಟ್ ಬೆಲ್ಟಿಗೆ ಲಾಭದ ಪುರಾವೆ ಕೇಳಬಾರದು. ಅಲ್ಲದೆ, ತಂಡಕ್ಕೆ ನಾಲ್ಕು ಬಗೆಯ ಜನ ಬಂದ ಮಾತ್ರಕ್ಕೆ ಉಪಕರಣ ಸರಿಯಾಗುವುದಿಲ್ಲ. ಪರೀಕ್ಷೆಯ ಮಾನಕದಲ್ಲಿ ಒಂದೇ ಗಾತ್ರದ ಡಮ್ಮಿ ಎಂದು ಬರೆದಿದ್ದರೆ, ಯಾರೇ ವಿನ್ಯಾಸ ಮಾಡಿದರೂ ಕಾರು ಆ ಡಮ್ಮಿಗೇ ಹೊಂದುತ್ತದೆ. ಬೇರೆಬೇರೆ ಜನ ಒಳಗೆ ಬರಬೇಕು, ಮಾನಕವೂ ಬದಲಾಗಬೇಕು.

ಕಾಗದದ ಮೇಲೆ ಈ ಕೋರಿಕೆ ಹೊಸದೂ ಅಲ್ಲ. ಎಂಜಿನಿಯರಿಂಗ್ ಪದವಿಗಳ ಪರಸ್ಪರ ಮಾನ್ಯತೆಗಾಗಿ 1989ರಲ್ಲಿ ಆದ ವಾಷಿಂಗ್ಟನ್ ಒಪ್ಪಂದದ ದೇಶಗಳು ಅನುಸರಿಸುವ ಪದವೀಧರ ಗುಣಲಕ್ಷಣಗಳ ಪಟ್ಟಿ 2021ರಲ್ಲಿ ಪರಿಷ್ಕಾರಗೊಂಡಾಗ, ಅದರಲ್ಲಿ ಮೊದಲೇ ಇದ್ದ, ವೈವಿಧ್ಯವುಳ್ಳ ತಂಡಗಳಲ್ಲಿ ಕೆಲಸ ಮಾಡುವ ಸಾಮರ್ಥ್ಯದ ಜೊತೆಗೆ, ಆ ತಂಡಗಳು ಎಲ್ಲರನ್ನೂ ಒಳಗೊಳ್ಳಬೇಕು ಎಂಬುದೂ ಸೇರಿತು. ಆಮೇಲೆ ಏನಾಗುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಮಾನ್ಯತಾ ತಂಡ ಬರುವ ಮುಂಚೆ ಕೋಷ್ಟಕವೊಂದರಲ್ಲಿ ಪ್ರತಿ ಕೋರ್ಸಿನ ಮುಂದೆ 1, 2 ಅಥವಾ 3 ಎಂದು ತುಂಬುತ್ತೇವೆ. 3 ಎಂದರೆ ಆ ಕೋರ್ಸಿಗೂ ಈ ಗುಣಲಕ್ಷಣಕ್ಕೂ ಗಾಢ ಸಂಬಂಧ. ಉಷ್ಣಗತಿಶಾಸ್ತ್ರಕ್ಕೂ 3 ಬಿದ್ದಿರುವುದನ್ನು ನಾನು ನೋಡಿದ್ದೇನೆ.

ಸಿಲೆಬಸ್ ತುಂಬಿ ತುಳುಕುತ್ತಿದೆ, ನಿಜ. ಅದಕ್ಕೇ ನಾನು ಒಂದು ಗಂಟೆಯ ಹೆಚ್ಚುವರಿ ಅವಧಿಯನ್ನೂ ಕೇಳುತ್ತಿಲ್ಲ. ಮಾಪನ, ಯಂತ್ರ ವಿನ್ಯಾಸ, ಸಂಖ್ಯಾಶಾಸ್ತ್ರ, ಯಂತ್ರ ಕಲಿಕೆ (ಮಷೀನ್ ಲರ್ನಿಂಗ್) ಈ ನಾಲ್ಕು ಪತ್ರಿಕೆಗಳಲ್ಲಿ ತಲಾ ಒಂದು ಕಡ್ಡಾಯ ಲೆಕ್ಕ ಮೇಲಿನ ಬಗೆಯದಾಗಿರಲಿ. ಬೇಕಾದರೆ ಆ ಅಂಕವಿಲ್ಲದ ಕೋರ್ಸನ್ನು ತೆಗೆದುಹಾಕಿ, ಸಮಯ ಮಿಗುತ್ತದೆ.

ಇಷ್ಟಕ್ಕೂ ಮುಂದಿನ ಪರಿಷ್ಕರಣೆಯವರೆಗೆ ಕಾಯಬೇಕೆಂದರೆ, ಈ ವರ್ಷವೇ ಸುತ್ತೋಲೆಯೊಂದರಿಂದ ಆಗಬಹುದಾದ ಕೆಲಸ ಒಂದಿದೆ. ಅಂತಿಮ ವರ್ಷದ ಪ್ರಾಜೆಕ್ಟ್ ವರದಿಯ ನಮೂನೆಯಲ್ಲಿ 'ಫಲಿತಾಂಶಗಳು' ಅಧ್ಯಾಯದ ಮುಂಚೆ ಒಂದು ಪುಟ ಸೇರಿಸಿ. ಅದರಲ್ಲಿ ಮೂರು ಪ್ರಶ್ನೆಗಳಿರಲಿ: ಈ ವಸ್ತುವನ್ನು ಯಾರು ಬಳಸುತ್ತಾರೆ? ಯಾರ ಮೇಲೆ ಪರೀಕ್ಷಿಸಿದಿರಿ, ಪ್ರತಿ ಗುಂಪಿನಲ್ಲಿ ಎಷ್ಟು ಜನ, ಗುಂಪುವಾರು ಫಲಿತಾಂಶವೇನು? ಯಾರ ಮೇಲೆ ಪರೀಕ್ಷಿಸಲಿಲ್ಲ? ಮೂರನೆಯದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಿದವರಿಗೆ ಪೂರ್ತಿ ಅಂಕ ಕೊಡಿ. 'ಅನ್ವಯಿಸುವುದಿಲ್ಲ' ಎಂದು ಬರೆದವರು ಕಾರಣವನ್ನೂ ಬರೆಯಲಿ. ನೂರಕ್ಕೆ ಹತ್ತು ಅಂಕ ಇದಕ್ಕೆ ಮೀಸಲಾದರೆ ಸಾಕು, ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಆ ಪುಟ ತುಂಬುವ ಬಗೆಯನ್ನು ತಾವೇ ಹೇಳಿಕೊಡುತ್ತಾರೆ. ನಮೂನೆಯ ಕರಡನ್ನೂ ಅಂಕ ಹಂಚಿಕೆಯ ಮಾನದಂಡವನ್ನೂ ಬರೆದುಕೊಡಲು ನಾನು ಸಿದ್ಧಳಿದ್ದೇನೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು 'ಇತರೆ ವಿಷಯಗಳು' ಎಂಬ ಕೊನೆಯ ಸಾಲಿಗೆ ಹಾಕದೆ, ಊಟದ ವಿರಾಮಕ್ಕೆ ಮುಂಚೆ ಚರ್ಚೆಗೆ ತೆಗೆದುಕೊಳ್ಳಬೇಕೆಂದು ವಿನಂತಿ.

ಇತಿ,
ಮಾಪನ ಮತ್ತು ಉಪಕರಣಶಾಸ್ತ್ರ ವಿಭಾಗದ ಒಬ್ಬ ಅಧ್ಯಾಪಕಿ